ಬಲದಿಂದ ಮೂರು, ಆಮೇಲೆ ಎರಡೆರಡು

ಓಕ್ಲ್ಯಾಂಡ್, ಜನಸಂಖ್ಯೆ 339,337 — ಹಸಿರು ಬೋರ್ಡು ಕಾರಿನ ಪಕ್ಕ ಬಂದು ಹಿಂದಕ್ಕೆ ಸರಿಯಿತು, ಮೂರು ಲಕ್ಷದ ಮೂವತ್ತೊಂಬತ್ತು ಸಾವಿರ, ಅಷ್ಟು ಜನರಲ್ಲಿ ನನಗೆ ಗೊತ್ತಿರುವುದು ಅಪ್ಪನ ಆಸ್ಪತ್ರೆಯ ತಿರುಮಲೇಶ್ ಅಂಕಲ್ ಒಬ್ಬರೇ, ಅವರ ಮನೆಗೇ ಊಟಕ್ಕೆ ಹೊರಟಿದ್ದೇವೆ, ಅಪ್ಪ ಸ್ಟೀರಿಂಗು ಬಿಟ್ಟು ಅಮ್ಮನ ಕಡೆ ನಾಲ್ಕು ಬೆರಳು ತೋರಿಸುತ್ತಿದ್ದಾರೆ, ನಾಲ್ಕೇ ಜನ ಕಣೇ, ಇಡೀ ಕಾಲೇಜಿಗೆ ನಾಲ್ಕೇ ಜನರ ಟೀಮು, ಅದರಲ್ಲಿ ನಮ್ಮ ನಿರುಪಮಾ ಒಬ್ಬಳು, ಅಮ್ಮ ರಸ್ತೆ ನೋಡಿಕೊಂಡು ಓಡಿಸಿ ಅಂದ್ರೆ ಅನ್ನುತ್ತಿದ್ದಾಳೆ — ಆದರೆ ಆ ಕಾಮಾ ಎಲ್ಲಿತ್ತು? ಮೂರು ಮೂರು ಒಂಬತ್ತು, ಆಮೇಲೆ ಕಾಮಾ. ನಿನ್ನೆ ನಾನು ಬರೆದ ಪ್ರೋಗ್ರಾಮು ಇದೇ ಸಂಖ್ಯೆಯನ್ನು 3,39,337 ಎಂದು ಮುದ್ರಿಸುತ್ತಿತ್ತು. ಅಯ್ಯೋ ದೇವರೇ. ಬಲದಿಂದ ಮೂರು ಬಿಡು, ಆಮೇಲೆ ಎರಡೆರಡು, ಮೈಸೂರಿನ ಜಗಲಿಯಲ್ಲಿ ಸತ್ಯವತಿ ದೊಡ್ಡಮ್ಮ ಸ್ಲೇಟಿನ ಮೇಲೆ ಕೈ ಹಿಡಿದು ಹೇಳಿಕೊಟ್ಟದ್ದು, ಇಲ್ಲಿನವರು ಮೂರು ಮೂರೇ ಬಿಡುವುದನ್ನು ಎರಡು ವರ್ಷದಿಂದ ನೋಡುತ್ತಲೇ ಇದ್ದೇನೆ, ಕಣ್ಣು ಕಲಿತಿದೆ, ಕೈ ಕಲಿತಿಲ್ಲ.

ನಿನ್ನೆ ಕಾಲೇಜಿನ ಪ್ರೋಗ್ರಾಮಿಂಗ್ ಟೀಮಿಗೆ ಆಯ್ಕೆಯ ಸ್ಪರ್ಧೆ, ಇಬ್ಬರಿಗೆ ಒಂದು ಕಂಪ್ಯೂಟರ್ ಟರ್ಮಿನಲ್ಲು, ನಾಲ್ಕು ಗಂಟೆ, ಐದು ಲೆಕ್ಕ, ನಾನು ಮತ್ತು ಕೆನ್. ಕೊನೆಯ ಲೆಕ್ಕವೇ ಎಲ್ಲಕ್ಕಿಂತ ಸುಲಭ, ಊರುಗಳನ್ನು ಜನಸಂಖ್ಯೆಯ ಪ್ರಕಾರ ಜೋಡಿಸಿ, ಸಂಖ್ಯೆಗೆ ಕಾಮಾ ಹಾಕಿ ಮುದ್ರಿಸಿ, ಜೋಡಿಸುವುದು ಕೆನ್ ಬರೆದ, ಮುದ್ರಿಸುವುದು ನಾನು, ಮಾದರಿಗೆ ಕೊಟ್ಟಿದ್ದು ಎರಡೇ ಊರು, ಮಾರ್ಗನ್ ಹಿಲ್ 17,060, ಸಾಂಟಾ ಕ್ಲಾರಾ 87,700, ಎರಡೂ ಲಕ್ಷ ದಾಟದ ಊರುಗಳು, ಎರಡೂ ಸರಿಯಾಗಿಯೇ ಬಂದವು, ಪಕ್ಕದ ಕೋಣೆಯ ತೀರ್ಪುಗಾರರ ಹತ್ತಿರ ಇನ್ನೂ ಯಾವ ಯಾವ ಊರುಗಳಿದ್ದವೋ, ಚೀಟಿ ಬಂತು, ತಪ್ಪು, ಮತ್ತೆ ಕಳಿಸಿದೆವು, ತಪ್ಪು, ಮೂರನೇ ಸಲವೂ ತಪ್ಪು, ಎಲ್ಲಿ ತಪ್ಪು ಅಂತ ಅವರು ಹೇಳುವುದಿಲ್ಲ, ಅದೇ ಈ ಆಟದ ನಿಯಮ. ಮುದ್ರಿಸುವುದರಲ್ಲಿ ಏನು ತಪ್ಪಿರುತ್ತೆ, ನಿನ್ನ ಭಾಗ ನೋಡ್ಕೋ ಅಂತ ನಾನೇ ಅಂದೆ, ಜಂಭದ ಕೋಳಿ, ಅವನು ಪೆನ್ಸಿಲ್ಲು ಹಿಡಿದು ತನ್ನ ಒಂದೊಂದು ಸಾಲನ್ನೂ ತಿದ್ದುತ್ತಾ ಕೂತ, ಸರಿಯಿದ್ದ ಸಾಲುಗಳನ್ನು. ಗಂಟೆ ಹೊಡೆಯಿತು. ಟೀಮಿನಲ್ಲಿ ಉಳಿದದ್ದು ಒಂದೇ ಜಾಗ, ಪ್ರೊಫೆಸರು ಕೆನ್ ತಿದ್ದಿದ್ದ ಕಾಗದ ತಿರುವಿ ನೋಡಿ ಜೋಡಿಸುವುದರಲ್ಲೇ, ಸಾರ್ಟಿಂಗಿನಲ್ಲೇ ಎಡವಿದ್ದೀರಿ ಅಂದರು, ನಿರುಪಮಾ ಬರಲಿ, ಕೆನ್ ಮುಂದಿನ ವರ್ಷ ನೋಡೋಣ. ಕೆನ್‌ಗೆ ಮುಂದಿನ ವರ್ಷ ಇಲ್ಲ, ಇದೇ ಅವನ ಕಡೇ ವರ್ಷ. ಆದರೂ ಕೈ ಕುಲುಕಿದ.

ಇಂಥ ಸ್ಪರ್ಧೆ ಒಂದು ಇದೆ ಅಂತ ನನಗೆ ಹೇಳಿದ್ದೇ ಅವನು, ಸೆಪ್ಟೆಂಬರಿನಲ್ಲಿ, ಲ್ಯಾಬಿನಲ್ಲಿ ಒಬ್ಬಳೇ ಕೂತಿದ್ದಾಗ ಕುರ್ಚಿ ಎಳೆದುಕೊಂಡು ಬಂದ, ನೀನು ಬೇಗ ಬಿಡಿಸ್ತೀಯ, ಗಡಿಯಾರ ಇಟ್ಕೊಂಡು ಬಿಡಿಸಿದ್ದೀಯಾ? ಪ್ರಶ್ನೆಯನ್ನು ಎರಡು ಸಲ ಓದು, ಮೊದಲು ಕಾಗದದ ಮೇಲೆ ಬರಿ, ಆಮೇಲೆ ಕೀಲಿ ಮುಟ್ಟು, ಆರು ವಾರ ಅದನ್ನೇ ಹೇಳಿದ. ಮಾರ್ಗನ್ ಹಿಲ್ಲಿನಲ್ಲಿ ಅವರ ಮನೆಯವರು ಸೇವಂತಿಗೆ ಬೆಳೆಯುತ್ತಾರೆ, ಅವನ ತಾತ ಜಪಾನಿನಿಂದ ಬಂದವರು, ಒಂದು ದಿನ ಹೂ ತಂದು ಟರ್ಮಿನಲ್ಲಿನ ಮೇಲಿಟ್ಟ, ನಾನು ಯೋಚಿಸದೆ ಜಡೆಗೆ ಸಿಕ್ಕಿಸಿಕೊಂಡೆ, ಹೋ ಅಲ್ಲಿ ಇಟ್ಕೋತಾರಾ ಅಂದ, ಆಮೇಲೆ ಪ್ರತಿ ಸೋಮವಾರ ಒಂದು ಹೂವು. ಈ ದೇಶದಲ್ಲಿ ಸೋಮವಾರ ಬರಲಿ ಅಂತ ನಾನು ಕಾದದ್ದು ಆಗಲೇ. ಟೀಮಿನಲ್ಲಿ ಸೇರಿದರೆ ಈ ಊರು ನನ್ನದಾಗುತ್ತದೆ ಅಂದುಕೊಂಡಿದ್ದೆ, ಯಾರಾದರೂ ಊಟದ ಹೊತ್ತಿಗೆ ನಿರು ಬಾ ಅನ್ನುತ್ತಾರೆ, ಅಷ್ಟು ಸಾಕಾಗಿತ್ತು, ಈಗ ಜಾಗ ಸಿಕ್ಕಿದೆ, ಸುಮ್ಮನಿದ್ದರೆ ನನ್ನದೇ, ಯಾರಿಗೂ ಗೊತ್ತಾಗುವುದಿಲ್ಲ, ಯಾವ ಪ್ರೊಫೆಸರಿಗೆ ತಾನೇ ದೊಡ್ಡಮ್ಮನ ಸ್ಲೇಟು ಗೊತ್ತು, ಆದರೆ ಟೀಮಿನಲ್ಲಿ ಅವನಿಲ್ಲ. ಅವನಿಲ್ಲದ ಆ ಜಾಗ ನನಗೆ ಬೇಡ. ಬೇಕು. ಬೇಕು, ಆದರೆ ಹೀಗಲ್ಲ.

ಅಂಕಲ್ ಬಾಗಿಲು ತೆಗೆದರು, ಬಾರಮ್ಮ ಅಂದರು, ಒಳಗೆ ಹುಳಿಯ ಒಗ್ಗರಣೆಯ ವಾಸನೆ, ಅಪ್ಪ ಷೂ ಬಿಚ್ಚುವ ಮೊದಲೇ ಬಾಯಿ ತೆರೆಯುತ್ತಾರೆ, ಅಪ್ಪ ಒಂದ್ನಿಮಿಷ, ಇನ್ನೂ ಏನೂ ಹೇಳ್ಬೇಡಿ, ಅಂಕಲ್ ಒಂದು ಫೋನ್ ಮಾಡ್ಲಾ — ಬೆರಳಿಗೆ ನಂಬರು ಬಾಯಿಪಾಠ, ಒಂದು ದಿನವೂ ಮಾಡಿಲ್ಲ. ಕೆನ್, ನಾನು. ಅವನೇ ಮೊದಲು ಶುರು ಮಾಡಿದ, ನಿರು, ಬೆಳಗಿಂದ ನೋಡ್ತಿದ್ದೀನಿ, ನನ್ನ ತಪ್ಪು ಸಿಗ್ತಾನೇ ಇಲ್ಲ, ನಿಂಗೂ ತೊಂದರೆ ಕೊಟ್ಟೆ, ಸಾರಿ. ಪೆನ್ಸಿಲ್ಲು ಕಾಗದದ ಮೇಲೆ ಸರಿಯುವುದು ಕೇಳಿಸುತ್ತಿದೆ, ಇವತ್ತೂ ಬಿಟ್ಟಿಲ್ಲ. ನಿನ್ನದಲ್ಲ ಕೆನ್, ನನ್ನದು, ನಮ್ಮೂರಲ್ಲಿ ಕಾಮಾ ಬೇರೆ ಥರ, ಬಲದಿಂದ ಮೂರು, ಆಮೇಲೆ ಎರಡೆರಡು, ನಾಳೆ ಪ್ರೊಫೆಸರಿಗೆ ನಾನೇ ಹೇಳ್ತೀನಿ, ಜಾಗ ನಿನ್ನದು. ಪೆನ್ಸಿಲ್ಲು ನಿಂತಿತು. ಅಂದ್ರೆ ನಂದು ಸರಿ ಇತ್ತು, ಅಂದ. ಹೂಂ, ಸರಿ ಇತ್ತು. ನಂದು ಸರಿ ಇತ್ತು, ಅಂದ ಮತ್ತೆ, ಈ ಸಲ ನನಗಲ್ಲ, ಅಲ್ಲಿ ಯಾರಿಗೋ, ತಂದೆಗೋ ತಾಯಿಗೋ, ರಿಸೀವರು ಪಕ್ಕಕ್ಕಿಟ್ಟ ಸದ್ದು, ದೂರದಲ್ಲಿ ನಗು, ಬಾಗಿಲು, ಓಡುವ ಹೆಜ್ಜೆ, ನಾನು ಇಲ್ಲಿ ಫೋನು ಕಿವಿಗೆ ಒತ್ತಿ ಹಿಡಿದಿದ್ದೇನೆ, ಅಲ್ಲಿ ಮೇಜಿನ ಮೇಲೆ ಅಂಗಾತ ಬಿದ್ದಿರುವ ಅವನ ರಿಸೀವರು, ಆ ರಿಸೀವರು, ಅದನ್ನು ಇನ್ನೂ ಯಾರೂ ಎತ್ತಿಲ್ಲ