ತಗಡು, ಬಾಲ ಮತ್ತು ಕೊರಮೀನು

ನೀರಿಗೂ ಒಂದು ಮರ್ಯಾದೆ ಇದೆ. ದಡದಲ್ಲಿ ಕುಳಿತವರು ಅದನ್ನು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಶಹಾಬಾದಿನ ಹೊರಗೆ, ವಾಡಿಯ ಕಡೆ ಹೋಗುವ ರೈಲು ಹಳಿಯಿಂದ ಕೂಗಳತೆಯಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ಬಿಟ್ಟ ಒಂದು ಖಣಿ ಇದೆ. ಕಲ್ಲು ಮುಗಿದ ಮೇಲೆ ಅಲ್ಲಿಗೆ ಮಳೆ ಬಂತು, ಮಳೆಯ ಹಿಂದೆ ಮೀನು ಬಂತು, ಮೀನಿನ ಹಿಂದೆ ಹಾಜಿಮಲಂಗ್ ಮತ್ತು ದೇವಿಂದ್ರ ಬಂದರು.

ಹಾಜಿಮಲಂಗ್ ಶಹಾಬಾದಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ವಯಸ್ಸಿನಲ್ಲಿ ದೊಡ್ಡವನು, ಮಾತಿನಲ್ಲಿ ಚಿಕ್ಕವನು. ದೇವಿಂದ್ರ ವಾಡಿಯ ಗ್ಯಾಂಗ್‌ಮನ್, ಹಳಿಯ ಗುಂಟ ನಡೆದು ನಡೆದು ನೆಟ್ಟಗಾದ ಮನುಷ್ಯ. ಒಬ್ಬ ನಮಾಜು ಮುಗಿಸಿ, ಇನ್ನೊಬ್ಬ ಹಣೆಗೆ ವಿಭೂತಿ ಹಚ್ಚಿಕೊಂಡು ಭಾನುವಾರದ ಬೆಳಿಗ್ಗೆ ಆ ಖಣಿಯ ಮೇಲೆ ಕೂಡುತ್ತಿದ್ದರು. ವರ್ಷಗಳಿಂದ ಹೀಗೇ ನಡೆದಿತ್ತು.

ಅವರ ಗಾಳ ಎರೆಹುಳದ ಗಾಳವಲ್ಲ. ಹೊರದೇಶದವರು ಬಾಸ್ ಎಂಬ ಮೀನು ಹಿಡಿಯುವ ವಿಡಿಯೋಗಳನ್ನು ಫೋನಿನಲ್ಲಿ ನೋಡಿ ಕಲಿತದ್ದು. ಸೀಸದ ತಲೆಯ ಗಾಳ, ಅದರ ಮುಂದೆ ತೂಗಾಡುವ ಸಣ್ಣ ತಗಡು, ಹಿಂದೆ ಮೆತ್ತನೆಯ ಪ್ಲಾಸ್ಟಿಕ್ ಬಾಲ. ನೀರಿನಲ್ಲಿ ಎಳೆದರೆ ತಗಡು ಎಡಕ್ಕೂ ಬಲಕ್ಕೂ ಬಡಿದುಕೊಂಡು ಗಡಗಡ ನಡುಗುತ್ತದೆ. ಆ ನಡುಕ ದಾರದ ಗುಂಟ ಹತ್ತಿ ಕೈಗೆ ಬರುತ್ತದೆ. ಬಾಲ ತೆಳ್ಳಗಿದ್ದರೆ ತಗಡಿನ ಜೊತೆ ಈಜುತ್ತದೆ, ದಪ್ಪಗಿದ್ದರೆ ತಗಡನ್ನು ಅಲುಗಾಡಗೊಡುವುದಿಲ್ಲ. ಆ ಬಾಸ್ ಮೀನು ನಮ್ಮ ನೀರಿನಲ್ಲಿಲ್ಲ. ನಮ್ಮದು ಕೊರಮೀನು: ಹಾವಿನಂಥ ತಲೆ, ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುವ ಚಾಳಿ, ಮತ್ತು ಬಹಳ ಸಿಟ್ಟು.

ತಗಡು ಕತ್ತರಿಸುವುದು ಹಾಜಿಮಲಂಗನ ಪಾಲು. ಬಾಲ ದೇವಿಂದ್ರನ ಪಾಲು. ಹರಿದ ಬಾಲಗಳನ್ನು ಕರಗಿಸಿ ಅವನು ಅಚ್ಚಿಗೆ ಹೊಯ್ಯುತ್ತಿದ್ದ, ಅದೂ ಹೆಂಡತಿ ತುಳಜಾಬಾಯಿಯ ಹಾಲಿನ ಪಾತ್ರೆಯಲ್ಲಿ. ಆ ಪಾತ್ರೆ ಮತ್ತೆ ಒಲೆಯ ಮೇಲೆ ಏರಲಿಲ್ಲ. ಆಕೆಯ ಸಿಟ್ಟು ಮಾತ್ರ ಒಲೆಯಿಂದ ಇಳಿಯಲಿಲ್ಲ. ದೇವಿಂದ್ರನಿಗೆ ಬಾಲ ದಪ್ಪಗಿರಬೇಕು, ದೂರಕ್ಕೆ ಕಾಣಬೇಕು. ಹಾಜಿಮಲಂಗ್ ಪ್ರತಿ ಭಾನುವಾರ ಅದನ್ನು ಕೈಯಲ್ಲಿ ತೂಗಿ ನೋಡಿ ಒಂದೇ ಮಾತು ಹೇಳುತ್ತಿದ್ದ: “ಇದು ಮೀನಿನ ಬಾಲಲ್ಲ ತಮ್ಮಾ, ಎಮ್ಮಿ ಬಾಲ. ನನ್ನ ತಗಡ ಉಸರ ಕಟ್ಟಿ ಸಾಯಾಕತ್ಯದ.”

ಇನ್ನು ಆ ನೀರಿನ ಮರ್ಯಾದೆಯ ಮಾತು. ಮಳೆ ಶುರುವಾದ ಮೇಲೆ ಕೊರಮೀನು ಮರಿ ಮಾಡುತ್ತದೆ. ಮರಿಗಳು ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಒಂದೇ ಗುಂಪಾಗಿ ತೇಲುತ್ತವೆ. ಕೆಳಗೆ ತಾಯಿ ತಂದೆ ನಿಂತಿರುತ್ತವೆ. ಮರಿಗಳ ಹತ್ತಿರ ಕಪ್ಪೆ ಬಂದರೂ, ಎಲೆ ಬಿದ್ದರೂ ಹಾರಿ ಹೊಡೆಯುತ್ತವೆ. ಆಗ ಗಾಳ ಎಸೆದರೆ ಸಾಕು, ಮೀನು ಸಿಕ್ಕಿತು ಎಂದೇ ಲೆಕ್ಕ. ಆದರೆ ಅದು ಹಸಿವಿನಿಂದ ಕಚ್ಚುವುದಿಲ್ಲ. ಕಾಯುವುದು ದೇವರ ಕೆಲಸ. ಅದನ್ನು ಮಾಡುತ್ತ ನಿಂತ ಜೀವದ ಬಾಯಿಗೆ ಗಾಳ ಹಾಕಿ, ಅದಕ್ಕೆ ಬೇಟೆ ಎಂದು ಹೆಸರಿಡುವವನ ಬಗ್ಗೆ ನನ್ನಲ್ಲಿ ಒಳ್ಳೆಯ ಮಾತಿಲ್ಲ. ಅದಕ್ಕೇ ಅವರಿಬ್ಬರೂ ಒಂದು ರೂಢಿ ಮಾಡಿಕೊಂಡಿದ್ದರು. ಮರಿ ಕಂಡವನು ಹತ್ತಿರದ ಗಿಡಕ್ಕೆ ಒಂದು ಬಟ್ಟೆಚೂರು ಕಟ್ಟಬೇಕು. ಮರಿಗಳು ಕಪ್ಪಾಗಿ ಚೆದುರುವ ತನಕ ಆ ಕಡೆ ಯಾರೂ ಗಾಳ ಎಸೆಯಬಾರದು. ಬಟ್ಟೆ ದೇವಿಂದ್ರನದೇ: ಗಾಡಿ ನಿಲ್ಲಿಸಲು ತೋರಿಸುವ, ಹಳೆಯದಾದ ಕೆಂಪು ನಿಶಾನಿಯ ಚೂರು. ಈ ಬಟ್ಟೆಯ ಬಗ್ಗೆ ಅವರು ಫೋನಿನಲ್ಲಿ ಮಾತಾಡಿದವರೇ ಅಲ್ಲ. ಬಟ್ಟೆ ಹೇಳಿದ ಮೇಲೆ ಬಾಯಿ ಯಾಕೆ ಹೇಳಬೇಕು?

ಆ ಶ್ರಾವಣದಲ್ಲಿ ಒಂದು ಭಾನುವಾರ ದೇವಿಂದ್ರನಿಗೆ ಡ್ಯೂಟಿ ಬಿತ್ತು. ಹಾಜಿಮಲಂಗ್ ಒಬ್ಬನೇ ಹೋದ. ಮಧ್ಯಾಹ್ನ ಹಳಿಯ ಬದಿ ರೊಟ್ಟಿ ಬಿಚ್ಚಿ ಕುಳಿತಿದ್ದ ದೇವಿಂದ್ರನ ಫೋನಿಗೆ ಫೋಟೋ ಬಂತು. ಮೊಳದುದ್ದದ ಕೊರಮೀನು, ಅದರ ದವಡೆಯಿಂದ ನೇತಾಡುವ ಹಸಿರು ಬಾಲ, ತುದಿಗೆ ಕೆಂಪು. ಅವನೇ ಹೊಯ್ದ ಬಾಲ.

ಮೊದಲು ಹೆಮ್ಮೆಯೇ ಬಂತು. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದ. ಹಿಂದೆ ಖಣಿಯ ದಡದ ದರ್ಗಾದ ಗೋಡೆ, ಅದರ ಪಕ್ಕದ ಬೇವಿನ ಟೊಂಗೆ. ಗಾಳ ಬಾಯೊಳಗೆ ಇರಲಿಲ್ಲ. ದವಡೆಯ ಹೊರಗಿನಿಂದ ಚುಚ್ಚಿಕೊಂಡಿತ್ತು. ತಿನ್ನಲು ಬಂದ ಮೀನು ಬಾಯಿ ತೆರೆದು ನುಂಗುತ್ತದೆ. ಓಡಿಸಲು ಬಂದ ಮೀನು ತಲೆಯಿಂದ ಗುದ್ದುತ್ತದೆ.

ಆ ಬೇವಿನ ಕೆಳಗೆ ಮರಿಗಳಿದ್ದವು. ಹಿಂದಿನ ದಿನವಷ್ಟೇ ದೇವಿಂದ್ರ ಕಣ್ಣಾರೆ ಕಂಡಿದ್ದ, ಕೈಯಾರೆ ಬಟ್ಟೆ ಕಟ್ಟಿದ್ದ.

ರೊಟ್ಟಿಯನ್ನು ಮತ್ತೆ ಕಟ್ಟಿಟ್ಟ. ಇಂಥ ಮಾತು ಫೋನಿನಲ್ಲಿ ಆಡುವುದಲ್ಲ ಎಂದುಕೊಂಡ. ಡ್ಯೂಟಿ ಮುಗಿದ ಕೂಡಲೇ, ಕೈಕಾಲು ತೊಳೆಯದೆ ಶಹಾಬಾದಿಗೆ ಪ್ಯಾಸೆಂಜರ್ ಗಾಡಿ ಹತ್ತಿದ. ದಾರಿಯುದ್ದಕ್ಕೂ ಬಾಗಿಲಲ್ಲೇ ನಿಂತಿದ್ದ. ಪರಿಚಯದ ಸಿದ್ದಣ್ಣ ಮಾತಾಡಿಸಿದರೆ, ಇಂದು ಮನುಷ್ಯರ ಜೊತೆ ಮಾತು ಬೇಡ ಎಂದು ಮುಖ ತಿರುಗಿಸಿದನಂತೆ.

ಹಾಜಿಮಲಂಗ್ ಮನೆಯ ಮುಂದೆ ಗೋಣಿತಟ್ಟಿನ ಮೇಲೆ ಕುಳಿತು ಗಾಳದ ದಾರ ಸುತ್ತುವ ರೀಲ್ ಒರೆಸುತ್ತಿದ್ದ. ದೇವಿಂದ್ರನನ್ನು ನೋಡಿ ನಕ್ಕ. ದೇವಿಂದ್ರ ನಗಲಿಲ್ಲ. ಅವನಿಗೆ ನಿಜವಾದ ಸಿಟ್ಟು ಬಂದಾಗ ನಾಲಿಗೆಗೆ ಮರ್ಯಾದೆ ಬರುತ್ತಿತ್ತು.

“ಭಾಳ ದೊಡ್ಡ ಮೀನ ಹಿಡದೀರಿ ಮಲಂಗಭಾಯಿ. ಕೂಸ ಎತ್ಕೊಂಡ ನಿಂತಾಕಿನ್ನ ಹಿಡದೀರಿ. ಹೆಂಗ ಹೊಡೀತ್ರಿ ಅದು? ಬಾಯಿ ತೆರದು ಬಂತೇನು, ಗುದ್ದಿತೇನು?”

ಹಾಜಿಮಲಂಗ್ ರೀಲ್ ಕೆಳಗಿಟ್ಟ. ಗುದ್ದಿತು ಎಂದು ಮೆಲ್ಲಗೆ ಒಪ್ಪಿಕೊಂಡ. ಬೆಳಿಗ್ಗೆ ತುಂತುರು ಮಳೆ, ನೀರಿನ ಮೈಯೆಲ್ಲ ಚುಕ್ಕಿ ಚುಕ್ಕಿ, ಮರಿ ಕಾಣಲಿಲ್ಲ ಎಂದ. ಗುದ್ದಿದಾಗ ತನಗೂ ಅನುಮಾನ ಬಂದದ್ದು ನಿಜ, ಆದರೆ ಬಟ್ಟೆ ಇರಲಿಲ್ಲವಲ್ಲ ಎಂದು ಸುಮ್ಮನಾದೆ ಎಂದ.

ಬಟ್ಟೆ ಇರಲಿಲ್ಲ ಎಂಬ ಮಾತು ಕೇಳಿ ದೇವಿಂದ್ರ ಉರಿದುಹೋದ. ಮೀನು ಹಿಡಿದದ್ದು ಒಂದು ತಪ್ಪು, ಕಟ್ಟಿದವನ ಮುಂದೆಯೇ ಇಲ್ಲ ಅನ್ನುವುದು ಇನ್ನೊಂದು. ಇಷ್ಟು ವರ್ಷ ಒಂದೇ ಕಲ್ಲಿನ ಮೇಲೆ ಕುಳಿತೆವು, ಆ ಕಲ್ಲಿಗೂ ನಾಚಿಕೆ ಆಗಬೇಕು ಎಂದ. ಇನ್ನು ಮುಂದೆ ನಿಮ್ಮ ತಗಡು ನಿಮಗೆ, ನನ್ನ ಬಾಲ ನನಗೆ ಎಂದ. ಓಣಿಯವರು ಬಾಗಿಲಿಗೆ ಬಂದರು.

ಹಾಜಿಮಲಂಗ್ ಎದ್ದು ನಿಂತ. ಈಗ ಅವನ ಮುಖವೂ ಕೆಂಪಾಗಿತ್ತು. “ಖುದಾನ ಆಣಿ ಮಾಡಿ ಹೇಳ್ತೀನಿ, ಗಿಡಕ್ಕ ಕೆಂಪ ಬಟ್ಟಿ ಇದ್ದಿದ್ದಿಲ್ಲ. ನನಗ ಸುಳ್ಳ ಅಂತೀ ಏನು?”

“ಕೆಂಪಂದು ಎಲ್ಲೈತ್ರಿ? ಕೆಂಪಂದು ತೀರೇದ. ಹಸರಂದು ಕಟ್ಟೀನಿ.”



“ಹಸರಂದು,” ಎಂದ ಹಾಜಿಮಲಂಗ್. “ದರ್ಗಾದ ಬೇವಿಗಿ. ಹರಕಿ ಹೊತ್ತವರು ದಿನಾ ಹಸರ ಬಟ್ಟಿ ಕಟ್ಟಿ ಹೋಗೋ ಗಿಡಕ್ಕ. ನಾ ಅದನ್ನ ನೋಡಿ, ಯಾರೋ ಹೆಣ್ಮಗಳು ಮನ್ನತ್ ಕಟ್ಯಾಳ ಪಾಪ ಅಂತ ಅಂದು, ಕೈ ಮುಗದು, ಗಾಳ ಒಗದೀನಿ.” ಅವನ ದನಿ ಏರತೊಡಗಿತು. “ನೀ ರೈಲ್ವೆ ಮನಷ್ಯಾ ಇದ್ದಿ. ಹಸರ ನಿಶಾನಿ ತೋರ್ಸಿ ಗಾಡಿ ಯಾಕ ಬಂತು ಅಂತ ಡ್ರೈವರನ ಕೊಳ್ಳಪಟ್ಟಿ ಹಿಡೀಲಿಕತ್ತೀ?”

ಬಾಗಿಲಲ್ಲಿದ್ದ ಯಾರೋ ನಕ್ಕರು. ದೇವಿಂದ್ರ ಹಳಿಯ ಮೇಲೆ ಒಮ್ಮೆಯೂ ತಪ್ಪಿ ಹಿಡಿಯದ ಬಣ್ಣವನ್ನು ನೀರಿನ ಮೇಲೆ ತಪ್ಪಿ ಕಟ್ಟಿದ್ದ. ಆದರೂ ಸಿಟ್ಟು ಇಳಿಯಲಿಲ್ಲ. ಅದಕ್ಕೆ ಹೋಗಲು ಜಾಗವೇ ಇಲ್ಲದೆ ಎದೆಯಲ್ಲೇ ಗುದ್ದತೊಡಗಿತು.

ಆಗ ಹಾಜಿಮಲಂಗನ ಹೆಂಡತಿ ನಜಮುನ್ನೀಸಾ ಅರೆದ ಮಸಾಲೆಯ ಕೈಯಲ್ಲೇ ಹೊರಗೆ ಬಂದಳು. ಒಳಗಿನ ನೀಲಿ ಡ್ರಮ್ಮಿನಲ್ಲಿ ಮೀನು ಇನ್ನೂ ಒದೆಯುತ್ತಿದೆ, ಕೊಯ್ಯಲು ಈಗಷ್ಟೇ ಈಳಿಗೆ ತೆಗೆದಿದ್ದೆ ಎಂದಳು. ಕೊರಮೀನಿನ ಜೀವ ಗಟ್ಟಿ, ಒಂದಿಷ್ಟು ನೀರು ಮತ್ತು ಮೇಲೆ ಗಾಳಿ ಇದ್ದರೆ ಬದುಕಿರುತ್ತದೆ.

“ಇಬ್ರೂ ಶಾಣ್ಯಾರ ಇದ್ದೀರಿ,” ಎಂದಳು. “ಅಲ್ಲಿ ಮರಿಗೋಳನ್ನ ಬ್ಯಾರೆ ಮೀನ ತಿನ್ಲಿಕತ್ತಾವ, ಇಲ್ಲಿ ನೀವು ಬಟ್ಟಿ ಬಣ್ಣ ಹೇಳ್ಕೋತ ನಿಂತೀರಿ. ಮೊದಲ ಅದನ್ನ ಬಿಟ್ಟು ಬರ್ರಿ. ಜಗಳಕ್ಕ ಹೊತ್ತ ಅದ. ಮಸಾಲಿಗಿ ಬದನಿಕಾಯಿ ಹಾಕ್ತೀನಿ.”

ಮೀನನ್ನು ಬಕೀಟಿಗೆ ಹಾಕಿ, ಒದ್ದೆ ಗೋಣಿ ಮುಚ್ಚಿ, ದೇವಿಂದ್ರ ಹಾಜಿಮಲಂಗನ ಸ್ಕೂಟರಿನ ಹಿಂದೆ ಕುಳಿತು ತೊಡೆಯ ಮೇಲಿಟ್ಟುಕೊಂಡ. ಪರಸಿ ಚೂರು ಬಿದ್ದ ದಾರಿಯಲ್ಲಿ ಸ್ಕೂಟರ್ ಎಗರಿದಾಗಲೆಲ್ಲ ನೀರು ಅವನ ಮೈಮೇಲೆ ಚೆಲ್ಲಿತು. ಆ ದಾರಿಯಲ್ಲೂ ಇಬ್ಬರೂ ಸುಮ್ಮನಿರಲಿಲ್ಲ. ಮರಿ ಕಂಡವನು ಒಂದು ಫೋನ್ ಮಾಡಬಹುದಿತ್ತು ಎಂದು ಹಾಜಿಮಲಂಗ್ ಗಾಳಿಗೆ ಹೇಳಿದ. ಗುದ್ದಿದ ಮೀನನ್ನು ಅಲ್ಲೇ ಬಿಡಬಹುದಿತ್ತು ಎಂದು ದೇವಿಂದ್ರ ಅವನ ಬೆನ್ನಿಗೆ ಹೇಳಿದ. ಎರಡೂ ನಿಜವಾಗಿದ್ದವು, ಅದಕ್ಕೇ ಎರಡೂ ಚುಚ್ಚಿದವು.

ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು. ಬೇವಿನ ಕೆಳಗೆ ನೀರು ಈಗ ಶಾಂತವಾಗಿತ್ತು. ಮರಿಗಳ ಗುಂಪು ಇತ್ತು, ಆದರೆ ಹರಿದ ಸೆರಗಿನ ಹಾಗೆ ಅಲ್ಲಲ್ಲಿ ತೂತು ಬಿದ್ದಿತ್ತು. ಉಳಿದ ಒಂದು ಮೀನು ಅದರ ಸುತ್ತ ಒಬ್ಬಂಟಿಯಾಗಿ ತಿರುಗುತ್ತಿತ್ತು. ಹಾಜಿಮಲಂಗ್ ಪರಸಿಯ ಮೆಟ್ಟಿಲ ಮೇಲೆ ಕುಳಿತು ಬಕೀಟು ಬಗ್ಗಿಸಿದ. ಮೀನು ಅವನ ಅಂಗೈಯ ಮೇಲೆ ಒಂದು ಉಸಿರಿನಷ್ಟು ನಿಂತು, ನೇರವಾಗಿ ಆಳಕ್ಕೆ ಇಳಿದುಹೋಯಿತು. ಮರಿಗಳ ಕಡೆ ಹೋಗಲಿಲ್ಲ.

ಇಬ್ಬರೂ ಕಾದರು. ಒಬ್ಬನ ತುಟಿಯಲ್ಲಿ ಬಿಸ್ಮಿಲ್ಲಾ ಇತ್ತು, ಇನ್ನೊಬ್ಬನ ತುಟಿಯಲ್ಲಿ ಶಿವ ಇದ್ದ. ದರ್ಗಾದಲ್ಲಿ ಊದಿನಕಡ್ಡಿಯ ವಾಸನೆ ಎದ್ದಿತು. ಬಹಳ ಹೊತ್ತಿನ ಮೇಲೆ ಕುಂಕುಮ ಬಣ್ಣದ ಮರಿಗಳ ಗುಂಪಿನ ಕೆಳಗೆ ಒಂದು ಗುಳ್ಳೆ ಬಂತು, ಸ್ವಲ್ಪ ದೂರದಲ್ಲಿ ಇನ್ನೊಂದು. ಎರಡನೆಯದು ತಾವು ಬಿಟ್ಟ ಮೀನಿನದೇ ಎಂದು ಆಣೆ ಮಾಡಿ ಹೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ.

ಹಾಜಿಮಲಂಗ್ ಜೇಬಿನಿಂದ ಬೆಳಗಿನ ಗಾಳವನ್ನು ತೆಗೆದ. ಕಟಿಂಗ್ ಪ್ಲೇಯರಿನಿಂದ ಅದರ ಕೊಕ್ಕೆಯ ಮೊನೆಯನ್ನು ಮುರಿದ. ದರ್ಗಾದ ಬೇವನ್ನು ಬಿಟ್ಟು, ನೀರಿಗೆ ಬಾಗಿದ ಜಾಲಿಯ ಟೊಂಗೆಗೆ ಅದನ್ನು ದಾರದಿಂದ ಕಟ್ಟಿದ. ಹರಕೆಯ ಬಟ್ಟೆ ಹರಕೆಗೇ ಇರಲಿ, ಮರಿ ಇದ್ದಲ್ಲಿ ಇನ್ನು ಮುಂದೆ ತಗಡು ಕೂಗಲಿ ಎಂದ.

ಗಾಳಿ ಬಂತು. ತಗಡು ಒಮ್ಮೆ ಮಿಸುಕಿ ಸುಮ್ಮನಾಯಿತು. ಮತ್ತೆ ಗಾಳಿ ಬಂತು. ಆಗಲೂ ಸಪ್ಪಳವಿಲ್ಲ. ಹಸಿರು ಬಾಲ ಭಾರಕ್ಕೆ ಜೋತುಬಿದ್ದು ಎಲ್ಲವನ್ನೂ ಕೆಳಗೆ ಹಿಡಿದಿತ್ತು. ಹಾಜಿಮಲಂಗ್ ಎಮ್ಮಿ ಬಾಲದ ಮಾತು ಹೇಳಲಿಲ್ಲ. ಹೇಳದೆ ಇದ್ದದ್ದೇ ದೇವಿಂದ್ರನನ್ನು ಕೆರಳಿಸಿತು.

“ಕೊಡ್ರಿ ಅದನ್ನ,” ಎಂದು ಪ್ಲೇಯರ್ ಕಸಿದುಕೊಂಡ. ತಾನೇ ಹೊಯ್ದ ಬಾಲವನ್ನು ಬುಡದಿಂದ ಕತ್ತರಿಸಿ, ತುದಿಯ ತೆಳ್ಳನೆಯ ಕೆಂಪನ್ನಷ್ಟೇ ಹಿಂದೆ ಸಿಕ್ಕಿಸಿದ. ಉಳಿದದ್ದನ್ನು ನೀರಿಗೆ ಎಸೆಯದೆ ಜೇಬಿಗೆ ಹಾಕಿಕೊಂಡ.

ತಗಡು ಗಡಗಡ ನಡುಗತೊಡಗಿತು. ಆ ಸಪ್ಪಳ ಖಣಿಯ ಗೋಡೆಗೆ ಬಡಿದು ತಿರುಗಿ ಬಂತು.

“ನಂದು ಸಿಟ್ಟ ಇನ್ನಾ ಇಳದಿಲ್ಲ ಮಲಂಗಭಾಯಿ,” ಎಂದ ದೇವಿಂದ್ರ.

“ನಂದೂ ಇಳದಿಲ್ಲ,” ಎಂದ ಹಾಜಿಮಲಂಗ್. “ಬಾ, ಬದನಿಕಾಯಿ ಆರ್ತಾವ.”