ಮಿಕ್ಕ ಒಂದು ಬಿಲ್ಲೆ

ಇವತ್ತು ಹಿಂದಿನ ಬೀದಿಯ ಪ್ರೆಸ್ಸು ಬಡಿಯುತ್ತಿಲ್ಲ, ಭಾನುವಾರ, ಅದಕ್ಕೇ ಕಾಗದ ಮಡಚಿಕೊಳ್ಳುವ ಸದ್ದು ಕೂಡ ಕೇಳುತ್ತಿದೆ, ಬಾಕಿ ದಿನ ಬಾಗಲಗುಂಟೆಯ ಶೆಡ್ಡುಗಳೆಲ್ಲ ಬೆಳಗಾಗುತ್ತಲೇ ಧಡಧಡ ಶುರುಮಾಡಿದರೆ ಈ ಸದ್ದು ಕೈಗೆ ಮಾತ್ರ ಗೊತ್ತಾಗುತ್ತದೆ, ಒಣ ಎಲೆಯ ಮೇಲೆ ಯಾರೋ ಪಾದ ಹೊರಳಿಸಿದ ಹಾಗೆ, ಸುಬ್ಬಲಕ್ಷ್ಮಿ ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಿದಳು, ಕೋವಿಯ ತೋಟಾದ ಬಾಯಿ ಒಳಕ್ಕೆ ಸುರುಳಿಕೊಂಡು ದುಂಡನೆಯ ತುಟಿಯಾಯಿತು, ಇಪ್ಪತ್ನಾಲ್ಕು, ಇನ್ನೊಂದಾದರೆ ಮುಗಿಯಿತು, ಒಂಬತ್ತಕ್ಕೆ ಗಂಡನ ಗೆಳೆಯ ಸುಧೀಂದ್ರ ಬರುತ್ತಾರೆ, ಅಷ್ಟರಲ್ಲಿ ಮೇಜು ಒರೆಸಿ ಈ ಹಿತ್ತಾಳೆ ಯಂತ್ರ ಬಿಚ್ಚಿ ಅವರ ಕಡೆಯ ಕಪಾಟಿಗೆ ಸೇರಿಸಬೇಕು, ಅವರೇ ಬೆಳಗಿನಿಂದ ಕೂತು ತುಂಬಿದರು ಅನ್ನುವ ಹಾಗೆ. ಅವರು ಅಂದರೆ ಗಂಡ ಶ್ಯಾಮಸುಂದರ, ಸ್ನಾನದ ಮನೆಯಲ್ಲಿದ್ದಾರೆ, ನೀರು ಬೀಳುವ ಸದ್ದಿನ ನಡುವೆ ಮಗ್ಗು ಬಕೆಟ್ಟಿಗೆ ಟಕಟಕ ತಗಲುತ್ತಿದೆ, ಬಲಗೈಯಲ್ಲಿ ಹಿಡಿದಿದ್ದಾರೆ ಅಂತ ಅರ್ಥ, ಎಡಗೈಯಲ್ಲಿ ಹಿಡಿದಿದ್ದರೆ ಸದ್ದೇ ಇರುತ್ತಿರಲಿಲ್ಲ. ಎರಡು ವರ್ಷವಾಯಿತು ಆ ನಡುಕಕ್ಕೆ, ವಿಚಿತ್ರವೆಂದರೆ ಭಾರದ್ದು ಹಿಡಿದರೆ ನಿಲ್ಲುತ್ತದೆ, ಹಗುರದ್ದು ಹಿಡಿದರೆ ಶುರು, ಕೋವಿ ಎತ್ತಿದರೆ ಕಲ್ಲಿನ ಹಾಗೆ ನಿಲ್ಲುವ ಕೈ ಒಂದು ರಟ್ಟಿನ ಬಿಲ್ಲೆಯನ್ನು ತೋಟಾದೊಳಗೆ ಕೂರಿಸಲಾರದು, ಮದ್ದಿನ ಅಳತೆ ಎತ್ತಿದರೆ ಅರ್ಧ ಮೇಜಿನ ಪಾಲು. ಮೊದಲ ಸಲ ಚೆಲ್ಲಿದಾಗ ಅವಳೇ ಬಟ್ಟೆ ತಂದು ಒರೆಸಿ, ಕೊಡಿ ಇಲ್ಲಿ, ಅಂದಿದ್ದಳು, ಅವರು ಕೊಟ್ಟರು, ಅಷ್ಟೇ, ಆ ವಿಷಯ ಆಮೇಲೆ ಇಬ್ಬರೂ ಆಡಲಿಲ್ಲ.

ಕೋವಿ ಅವರ ತಾತನದು, ಮೈಸೂರು ಸಂಸ್ಥಾನದ ಕಾಲದಲ್ಲಿ ರೇಂಜರ್ ಆಗಿದ್ದವರು, ಇಂಗ್ಲೆಂಡಿನ ಜೋಡುನಳಿಗೆ, ಈಗ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ತೋಟಾ ಅದಕ್ಕೆ ಉದ್ದವಾಗುತ್ತದೆ, ಅದಕ್ಕೇ ಈ ಗಿಡ್ಡ ಕಾಗದದವು, ಇಟ್ಟಿಗೆ ಬಣ್ಣ, ಹಾರಿಸಿದ್ದನ್ನು ಆಯ್ದು ತಂದು ಬಾಯಿಗೆ ಮೇಣ ಸವರಿ ಇಸ್ತ್ರಿ ಮಾಡಿದ ಹಾಗೆ ನೇರ ಮಾಡಿ ಮತ್ತೆ ತುಂಬುವುದು, ಹಿಂದೆ ಕಿಡಿ ಹೊತ್ತಿಸುವ ಕೇಪು, ಆಮೇಲೆ ಒಂದೇ ಒಂದು ಅಳತೆ ಮದ್ದು, ರಟ್ಟಿನ ಬಿಲ್ಲೆ, ದಪ್ಪ ಉಣ್ಣೆಯ ಬಿಲ್ಲೆ, ಸೀಸದ ಕಾಳುಗಳ ಚರೆ, ಮೇಲೆ ತೆಳು ಕಾಗದದ ಮುಚ್ಚಳ, ಕೊನೆಗೆ ಬಾಯಿ ಸುರುಳುವುದು. ಲೈಸೆನ್ಸು ಅವರ ಹೆಸರಿನದು, ಚುನಾವಣೆ ಬಂದರೆ ಸ್ಟೇಷನ್ನಿಗೆ ಒಪ್ಪಿಸಿ ಸಹಿ ಹಾಕುವವರು ಅವರು, ಶೂಟಿಂಗ್ ಕ್ಲಬ್ಬಿನ ಬಯಲಲ್ಲಿ ಗುರಿಗೆಂದು ಎಸೆದ ಮಣ್ಣಿನ ತಟ್ಟೆ ಹಾರಿದರೆ ಒಡೆಯುವವರೂ ಅವರು, ಈ ತುಂಬುವ ಕೆಲಸ ಮಾತ್ರ ಅವಳದು. ಇಪ್ಪತ್ತೇಳು ವರ್ಷ ಕೈಗಡಿಯಾರದ ಕಾರ್ಖಾನೆಯಲ್ಲಿ ಚಿಮಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಎತ್ತಿ ಕೂರಿಸಿದ ಬೆರಳಿಗೆ ಇದೇನು ದೊಡ್ಡದು, ದೊಡ್ಡದಲ್ಲ, ಆದರೂ ಸುಧೀಂದ್ರ ಪ್ರತಿ ತಿಂಗಳೂ ಒಂದು ತೋಟಾ ಎತ್ತಿ ಬೆಳಕಿಗೆ ಹಿಡಿದು, ಶ್ಯಾಮು, ಟೂಲ್ ರೂಮ್ ಬಿಟ್ಟು ಎಷ್ಟ್ ವರ್ಷ ಆದ್ರೂ ನಿನ್ ಕೈ ನಿನ್ ಕೈನೇ ಕಣೋ, ಅಂತಾರೆ, ಇವರು ಕಾಫಿ ಲೋಟ ಎಡಗೈಗೆ ಬದಲಾಯಿಸಿಕೊಂಡು, ಅಭ್ಯಾಸ ಕಣೋ, ಅಂತಾರೆ, ಅವಳು ತಟ್ಟೆ ತೆಗೆದುಕೊಂಡು ಒಳಗೆ ಹೋಗುತ್ತಾಳೆ.

ಇವತ್ತೂ ಹಾಗೇ ಆಯಿತು, ಸುಧೀಂದ್ರ ಬಂದರು, ಒಂದನ್ನು ಬೆಳಕಿಗೆ ಹಿಡಿದರು, ಅದೇ ಮಾತು, ಅದೇ ಅಭ್ಯಾಸ ಕಣೋ, ಇಪ್ಪತ್ತೈದೂ ಚರ್ಮದ ಚೀಲಕ್ಕೆ ಹೋದವು, ಅವರಿಬ್ಬರೂ ಹಾಲಿನಲ್ಲಿ ಮೋಡದ ವಿಷಯ ಗಾಳಿಯ ವಿಷಯ ಮಾತಾಡುತ್ತಿದ್ದಾರೆ, ಅವಳು ಕೋಣೆಯಲ್ಲಿ ಬಿಲ್ಲೆಯ ಡಬ್ಬಿ ಮುಚ್ಚಲು ಹೋದವಳು ನಿಂತಳು. ಮೇಜಿನ ಮೇಲೆ ಒಂದು ಉಣ್ಣೆಯ ಬಿಲ್ಲೆ ಮಿಕ್ಕಿದೆ. ಎಣಿಸಿಯೇ ಇಟ್ಟಿದ್ದು, ಐದೈದರ ಐದು ಸಾಲು, ಕಾರ್ಖಾನೆಯ ಅಭ್ಯಾಸ, ಮಿಕ್ಕಬಾರದು, ಮಿಕ್ಕಿದೆ, ಆಗ ನೆನಪಾಯಿತು, ಒಂದರಲ್ಲಿ ಚರೆ ಹಾಕಿದ ಮೇಲೆ ಬಾಯಿಗೆ ಜಾಗ ಸಾಲದೆ ಬಂದಿತ್ತು, ಸುರುಳಿದರೆ ಕಾಗದ ಕೂರುವುದಿಲ್ಲ, ಚರೆ ಸುರಿದು ಉಣ್ಣೆ ತೆಗೆದು ಅದರ ಜಾಗಕ್ಕೆ ಒಂದು ತೆಳು ರಟ್ಟು ಹಾಕಿ ಮತ್ತೆ ತುಂಬಿದ್ದಳು, ಸರಿಯಾಗಿ ಕೂತಿತು, ಉಣ್ಣೆ ಒಂದೊಂದು ಸಲ ದಪ್ಪ ಬರುತ್ತದೆ, ಹಳೇ ಕಂಬಳಿ ಕತ್ತರಿಸಿ ಮಾಡಿದ್ದು, ಆಗೆಲ್ಲ ಹೀಗೇ ಮಾಡುತ್ತಾಳೆ. ಬಿಲ್ಲೆಯನ್ನು ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ನೋಡಿದಳು, ಡಬ್ಬಿಯಿಂದ ಇನ್ನೊಂದು ತೆಗೆದು ಒತ್ತಿದಳು, ಮತ್ತೊಂದು, ಎಲ್ಲ ಒಂದೇ ದಪ್ಪ. ಉಣ್ಣೆ ದಪ್ಪವಿರಲಿಲ್ಲ. ಹಾಗಾದರೆ ಕೆಳಗಿನದು ಹೆಚ್ಚಿತ್ತು, ಕೆಳಗೆ ಇರುವುದು ಮದ್ದು.

ಫೋನು. ಫೋನು ಬಂದಿತ್ತು, ವೆಂಕಟಮ್ಮ, ಗಡಿಯಾರ ಜೋಡಿಸುವ ಸಾಲಿನಲ್ಲಿ ಪಕ್ಕದ ಸ್ಟೂಲಿನವಳು, ಈಗಲೂ ಕಾರ್ಖಾನೆ ಗೇಟಿನ ಎದುರಿಗೇ ಮನೆ, ಲಕ್ಷ್ಮಕ್ಕಾ, ನಮ್ ಟೇಬಲ್‌ಗಳ್ನೆಲ್ಲಾ ಲಾರಿಗೆ ತುಂಬ್ತಾವ್ರೆ ಕಣಕ್ಕ, ಗುಜರಿಗಂತೆ, ನಿಮ್ದು ಮೂಲೇಲಿ ಸುಟ್ಟಿತ್ತಲ್ಲ, ಅದೂ ಓಯ್ತು, ನಾನ್ ಕಣ್ಣಾರೆ ನೋಡ್ದೆ. ಬಲಗೈಯಲ್ಲಿ ಮದ್ದಿನ ಅಳತೆ, ಎಡಗೈಯಲ್ಲಿ ಫೋನು, ಸುಟ್ಟ ಮೂಲೆ ಅವಳ ಕಣ್ಣೆದುರಿಗೆ ಬಂತು, ಸ್ಪಿರಿಟ್ ದೀಪ ಉರುಳಿ ಆದದ್ದು, ಮದುವೆಯಾದ ಹೊಸತು, ಹೋಗ್ಲಿ ಬಿಡು ವೆಂಕಟಮ್ಮಾ, ಅಂದಳು, ಫೋನಿಟ್ಟಳು, ಮುಂದಿನ ತೋಟಾಗೆ ಮದ್ದು ಸುರಿದಳು. ಅದು ಮುಂದಿನದೋ, ಆಗಲೇ ಸುರಿದಿದ್ದದ್ದೋ.

ಇದರ ವಿಷಯ ಮೊದಲ ದಿನವೇ ಶ್ಯಾಮಸುಂದರ ಹೇಳಿಕೊಟ್ಟಿದ್ದರು, ಎರಡಳತೆ ಬಿದ್ರೆ ನಳಿಗೆ ಸೀಳತ್ತೆ ಕಣೇ, ಹಳೇ ಕಬ್ಬಿಣ, ತಡೆಯಲ್ಲ, ಎಡಗೈ ಎಲ್ಲಿ ಹಿಡಿದಿರ್ತೀವೋ ಅಲ್ಲೇ ಸೀಳೋದು, ಅಂದು ತಮ್ಮ ಎಡಗೈ ಚಾಚಿ ತೋರಿಸಿದ್ದರು, ಒಳ್ಳೆಯ ಕೈ, ನಡುಗದ ಕೈ. ಹಾಲಿನಲ್ಲಿ ಕುರ್ಚಿ ಸರಿಯಿತು, ಬರ್ತೀವಿ ಅತ್ತಿಗೆ, ಅಂದರು ಸುಧೀಂದ್ರ, ಊಟಕ್ಕೆ ಕಾಯ್ಬೇಡ, ಅಂದರು ಇವರು. ಈಗ ಹೇಳಬೇಕು. ಹೇಳಿದರೆ ಸುಧೀಂದ್ರರ ಎದುರಿಗೇ ಹೇಳಬೇಕು, ನಿಮ್ಮ ಚೀಲದಲ್ಲಿ ಒಂದು ತಪ್ಪಿದೆ ಅಂದರೆ ನಿಮಗೆ ಹೇಗೆ ಗೊತ್ತು ಅನ್ನುತ್ತಾರೆ, ಎರಡು ವರ್ಷದ ಅಭ್ಯಾಸ ಕಣೋ ಅಲ್ಲೇ ನೆಲಕ್ಕೆ ಬೀಳುತ್ತದೆ. ಬಾಗಿಲ ಚಿಲಕ ತೆಗೆದರು. ಅವಳು ತನ್ನನ್ನು ದೂರದಿಂದ ನೋಡುತ್ತಿರುವಂತೆ ನೋಡಿಕೊಂಡಳು, ಐವತ್ತೆಂಟರ ಹೆಂಗಸು, ಕೈಯಲ್ಲಿ ಒಂದು ಕಂಬಳಿಯ ತುಂಡು, ಗಂಡ ಮೆಟ್ಟಿಲಿಳಿಯುತ್ತಿದ್ದಾನೆ, ಅವಳಿಗೆ ಭಯವಾಗುತ್ತಿಲ್ಲ, ಲೆಕ್ಕ ಮಾತ್ರ ನಡೆಯುತ್ತಿದೆ, ಇಪ್ಪತ್ತೈದರಲ್ಲಿ ಒಂದು, ಇವರು ಹದಿನೈದು ಹಾರಿಸಿದರೆ ಹೆಚ್ಚು, ಹತ್ತು ವಾಪಸ್ಸು ಬರುತ್ತವೆ, ಬಂದ ಹತ್ತರಲ್ಲೇ ಅದು ಇರಬಹುದು, ಆಮೇಲೆ ಯಾರಿಗೂ ಗೊತ್ತಾಗದಂತೆ ಬಿಚ್ಚಿಬಿಡಬಹುದು, ಇರದೆಯೂ ಇರಬಹುದು. ಹತ್ತು ಮೆಟ್ಟಿಲು, ತಿರುವು, ಮತ್ತೆ ಹತ್ತು. ಅಷ್ಟೂ ಇಳಿಯಲು ಬಿಟ್ಟಳು. ಕೆಳಗೆ ಕಾರಿನ ಡಿಕ್ಕಿ ಮುಚ್ಚಿತು, ಇಂಜಿನ್ನು ಶುರುವಾಯಿತು, ಗೇಟು ತೆಗೆಯಲು ಅವರೇ ಇಳಿದಿರಬೇಕು, ಕೀಲು ಕಿರುಗುಟ್ಟಿತು, ಆಗ ಕಾಲುಗಳು ಬಾಲ್ಕನಿಗೆ ನಡೆದವು, ರೀ, ನಿಲ್ಲಿ, ಹೋಗ್ಬೇಡಿ, ತನ್ನ ದನಿಯೇ ಅಷ್ಟು ಜೋರಿದೆಯೆಂದು ಅವಳಿಗೆ ಗೊತ್ತಿರಲಿಲ್ಲ, ಪಕ್ಕದ ಮನೆಯ ಬೈರಮ್ಮ ಬಟ್ಟೆ ಹರವುತ್ತಿದ್ದವಳು ತಿರುಗಿ ನೋಡಿದಳು, ಒಂದರಲ್ಲಿ ಮದ್ದು ಎರಡು ಸಲ ಬಿದ್ದಿರ್ಬೇಕು, ಯಾವ್ದರಲ್ಲಿ ಗೊತ್ತಿಲ್ಲ, ನಾನೇ ಹಾಕಿದ್ದು.

ಮತ್ತೆ ಮೇಲೆ, ಅದೇ ಮೇಜು, ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಹಾಸಿದೆ, ಬಿಳಿ ಬೆನ್ನು ಮೇಲೆ, ಸುಧೀಂದ್ರ ಬಾಗಿಲ ಬಳಿಯೇ ನಿಂತು, ನೀವಾ ಅತ್ತಿಗೆ, ಅಂದರು. ತೂಗಿ ನೋಡೋಣ ಅಂದರು ಆಮೇಲೆ, ಅವಳು ಬೇಡವೆಂದು ತಲೆಯಾಡಿಸಿದಳು, ಚರೆಯನ್ನು ತೂಗಿ ಹಾಕುವುದಿಲ್ಲ, ಅಳೆದು ಹಾಕುವುದು, ನಾಲ್ಕು ಕಾಳು ಹೆಚ್ಚುಕಮ್ಮಿ ಬಿದ್ದರೆ ತಕ್ಕಡಿ ಸುಳ್ಳು ಹೇಳುತ್ತದೆ, ಅನುಮಾನ ಬಂದರೆ ಟ್ರೇ ಪೂರಾ ಬಿಚ್ಚಬೇಕು, ಕಾರ್ಖಾನೆಯಲ್ಲಿ ಅದೇ ನಿಯಮ. ಶ್ಯಾಮಸುಂದರ ಅವಳ ಮುಖ ನೋಡಲಿಲ್ಲ, ಚೂರಿ ತೆಗೆದುಕೊಂಡರು, ಬಲಗೈಯಲ್ಲೇ, ಯಾಕೆ ಬಲಗೈಯಲ್ಲೇ, ತೋಟಾದ ತುಟಿಯ ಕೆಳಗೆ ಅಲಗು ಇಟ್ಟರು, ಅಲಗು ಕಾಗದದ ಮೇಲೆ ಟಕಟಕಟಕ ಕುಣಿಯಿತು, ಗೀರು ಬಿತ್ತು, ಇನ್ನೊಂದು ಗೀರು, ಜಾರಿ ಮೇಜಿಗೆ, ಸುಧೀಂದ್ರ ಆ ಕೈಯನ್ನೇ ನೋಡುತ್ತಿದ್ದಾರೆ, ಪೂರಾ ನೋಡಲಿ ಅಂತಲೇ ಅವರು ಚೂರಿ ಕೆಳಗಿಡುತ್ತಿಲ್ಲವೇನೋ. ಆಮೇಲೆ ಇಟ್ಟರು, ಅವಳ ಕಡೆಗೆ ಸರಿಸಿದರು, ಎರಡ್ ವರ್ಷದಿಂದ ಇವಳೇ ಕಣೋ ತುಂಬೋದು, ಅಂದರು, ನನ್ ಕೈಲಿ ಆಗಲ್ಲ. ಹೊತ್ತು ಎಷ್ಟಾಯಿತು ಅಂದ ಹಾಗೆ ಅಂದರು. ಸುಧೀಂದ್ರ ಕುರ್ಚಿ ಎಳೆದು ಕೂತು ಚರೆ ಹಿಡಿಯಲು ಬಟ್ಟಲು ಒಡ್ಡಿದರು.

ಕೊಯ್ದಳು, ಚರೆ ಬಟ್ಟಲಿಗೆ, ಉಣ್ಣೆ ಒಂದು ಕಡೆ, ಮದ್ದು ಹಾಳೆಯ ಮೇಲೆ, ಚಿಟಿಕೆ ಗಾತ್ರದ ಬೂದುಗಪ್ಪು ಗುಡ್ಡೆ. ಎರಡನೆಯದು, ಅಷ್ಟೇ ಗುಡ್ಡೆ, ಅದರ ಪಕ್ಕಕ್ಕೆ. ಎಂಟು, ಒಂಬತ್ತು, ಸಾಲಾಗಿ, ಹತ್ತರ ಹೊತ್ತಿಗೆ ಸುಧೀಂದ್ರ, ನಿಮಗೆ ಭ್ರಮೆ ಇರ್ಬೇಕು ಅತ್ತಿಗೆ, ಅಂದರು, ಅವಳಿಗೂ ಒಂದು ಕ್ಷಣ ಹಾಗನ್ನಿಸಿತು, ಒಳ್ಳೆಯ ಕಾಗದವೆಲ್ಲ ಹಾಳಾಯಿತಲ್ಲ ಅಂತಲೂ ಅನ್ನಿಸಿತು, ಇನ್ನು ಈ ಕೋವಿಗೆ ಎಲ್ಲಿಂದ ತರುವುದು. ಹದಿನಾರನೆಯದರಲ್ಲಿ ಉಣ್ಣೆ ಇರಲಿಲ್ಲ, ಎರಡು ರಟ್ಟು ಬಂದವು, ಬಗ್ಗಿಸಿದಳು, ಮದ್ದು ಬಿತ್ತು, ಗುಡ್ಡೆಯಾಯಿತು, ಬೀಳುವುದು ನಿಲ್ಲಲಿಲ್ಲ. ಶ್ಯಾಮಸುಂದರ ತಮ್ಮ ಎಡಗೈಯನ್ನು ಮೇಜಿನ ಮೇಲಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು.

ಉಳಿದ ಒಂಬತ್ತೂ ಬಿಚ್ಚಿದ ಮೇಲೆ ಸುಧೀಂದ್ರ ಹೊರಟರು, ಹೊರಡುವಾಗ ಅವಳಿಗೆ ಕೈಮುಗಿದರು, ಯಾವತ್ತೂ ಕೈಮುಗಿಯದವರು. ಮಧ್ಯಾಹ್ನ, ತಟ್ಟೆ ಹಾಕಿದ್ದಾಳೆ, ಸಾರು ಬಡಿಸುತ್ತಿದ್ದಾಳೆ, ಅವರು ತಲೆ ತಗ್ಗಿಸಿ, ನಿಂಗೆ ಯಾವಾಗ ಗೊತ್ತಾಯ್ತು, ಅಂದರು. ಮೆಟ್ಟಿಲು ಹತ್ತು, ತಿರುವು, ಮತ್ತೆ ಹತ್ತು, ಡಿಕ್ಕಿ, ಇಂಜಿನ್ನು, ಗೇಟು. ಕೂಗಿದ್ನಲ್ಲ, ಆಗ್ಲೇ ಗೊತ್ತಾಗಿದ್ದು, ಅಂದಳು. ಅವರು ಹ್ಞೂಂ ಅಂದು ಅನ್ನ ಕಲೆಸಿಕೊಂಡರು, ನಂಬಿದರೋ ಇಲ್ಲವೋ, ಬಲಗೈ ಅನ್ನದಲ್ಲಿ ನಡುಗುತ್ತಿದೆ, ಇನ್ನು ಅದನ್ನು ಯಾರಿಂದಲೂ ಮುಚ್ಚಿಡಬೇಕಾಗಿಲ್ಲ, ಮುಚ್ಚಿಡಬೇಕಾದದ್ದು ಈಗ ಅವಳ ಬಳಿ ಇದೆ, ಗೇಟಿನ ಕೀಲು ಕಿರುಗುಟ್ಟುವವರೆಗಿನ ಅಷ್ಟು ಹೊತ್ತು, ಅದನ್ನು ಎಲ್ಲಿಡುವುದು, ಸಾಯಂಕಾಲ ವೆಂಕಟಮ್ಮನಿಗೆ ಫೋನು ಮಾಡಬೇಕು, ಆ ಟೇಬಲ್ಲು, ಲಾರಿ ಹೋಯಿತೋ ಏನೋ, ಇನ್ನೊಂದು ಸೌಟು ಹಾಕ್ಲಾ, ಸಾಕು ಸಾಕು, ಸೌಟು ಬಗ್ಗಿಸಿದ್ದಾಳೆ, ಕಣ್ಣೆದುರಿಗೆ ಅದೇ ಬಿಳಿ ಹಾಳೆ, ಬಗ್ಗಿದ ಕಾಗದದ ಬಾಯಿ, ಬೂದುಗಪ್ಪು ಗುಡ್ಡೆ, ಅಷ್ಟಕ್ಕೆ ನಿಲ್ಲಬೇಕು, ನಿಲ್ಲುತ್ತಿಲ್ಲ, ಬೀಳುತ್ತಿದೆ, ಇನ್ನೂ ಬೀಳುತ್ತಿದೆ —