ಕೇಳಿದವರಿಗೆಲ್ಲ ಕೊಟ್ಟವಳು

"ಏಯ್ ಮುದುಕಿ, ಅಣಬೆ ಕುಯ್ತಿದೀಯೋ, ಇಲ್ಲ ತಲೆ ಸವರಿ ಮಲಗಿಸ್ತಿದೀಯೋ? ಕೈಯಾಡ್ಸೇ, ನಿನ್ನಜ್ಜಿ ಪಿಂಡ!"

ಕೆಳಗಿನಿಂದ ಮೇಸ್ತ್ರಿ ಕಾಲ್ಮ್ ಕೂಗಿದ. ರಾದ್ಕಾ ತಿರುಗಿ ನೋಡಲಿಲ್ಲ. ಸೂರಿಗೆ ತಾಗುವಂತಿದ್ದ, ಅಣಬೆ ಬೆಳೆಯುವ ಆರನೆಯ ಅಟ್ಟಣೆಯ ಮುಂದೆ, ಉಕ್ಕಿನ ಹಲಗೆಯ ಮೇಲೆ ಬಾಗಿ ನಿಂತು, ಅಣಬೆಯನ್ನು ತಿರುವಿ ಕಿತ್ತು, ಬುಡ ಕತ್ತರಿಸಿ ಬುಟ್ಟಿಗೆ ಹಾಕುತ್ತಲೇ ಇದ್ದಳು. ಐರ್ಲೆಂಡಿನ ಮೊನಹನ್ ಸೀಮೆಯ ಈ ಶೆಡ್ಡುಗಳಿಗೆ ಅವಳು ಬಲ್ಗೇರಿಯಾದಿಂದ ಬಂದಾಗ ಕೂದಲು ಕಪ್ಪಗಿತ್ತು.

ಫೋನು ಬಂದದ್ದು ಅವತ್ತಿನ ಚಹಾ ಬಿಡುವಿನಲ್ಲಿ. ಗೊಬ್ಬರದ ಗುಡ್ಡೆಯ ಪಕ್ಕ ನಿಂತು ಎತ್ತಿದಳು.

"ನಮಸ್ಕಾರ ಅಮ್ಮಾ. ಸರ್ಕಾರಿ ಕಚೇರಿಯಿಂದ ಮಾತಾಡ್ತಿದೀನಿ. ನಿಮ್ಮ ಹೆಸರಲ್ಲಿ ಯಾರೋ ಒಂದು ಕಾರು ಬಾಡಿಗೆಗೆ ತಗೊಂಡಿದಾರೆ. ಕಾರಲ್ಲಿ ಮಾದಕ ವಸ್ತು ಸಿಕ್ಕಿದೆ. ಗಾಬರಿಯಾಗ್ಬೇಡಿ, ನಾನಿದೀನಿ."

ದನಿ ಮೆತ್ತಗಿತ್ತು. ಅವಳ ಮುರುಕಲು ಇಂಗ್ಲಿಷಿಗೆ ಅದು ನಗಲಿಲ್ಲ, ಅರ್ಥವಾಗದಾಗ ಮತ್ತೊಮ್ಮೆ ಹೇಳಿತು. ಈ ದೇಶದಲ್ಲಿ ಯಾರೂ ಅವಳನ್ನು ಅಮ್ಮಾ ಎಂದು ಕರೆದಿರಲಿಲ್ಲ. ಹುಟ್ಟಿದ ದಿನ ಕೇಳಿತು, ಹೇಳಿದಳು. ಸರ್ಕಾರ ಕೊಟ್ಟ ನಂಬರು ಕೇಳಿತು, ಅದನ್ನೂ ಹೇಳಿದಳು. "ಈಗ ನಿಮ್ಮ ಫೋನಿಗೆ ಒಂದು ಗುಟ್ಟಿನ ನಂಬರು ಬರುತ್ತೆ ನೋಡಿ ಅಮ್ಮಾ" ಅಂದಿತು. ಬಂತು. ಓದಿ ಹೇಳಿದಳು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಎಂದು ದನಿ ಫೋನಿಟ್ಟಿತು.

ಊರಿನ ಮನೆಗೆ ನೀರಿನ ಕೊಳವೆ ಹಾಕಿಸಲೆಂದು ಬ್ಯಾಂಕಿನಲ್ಲಿ ಕೂಡಿಟ್ಟದ್ದು ಸಂಜೆಯೊಳಗೆ ಖಾಲಿಯಾಗಿತ್ತು. ಒಂದೇ ಕೋಣೆಯಲ್ಲಿ ಮಲಗುವ, ಅವಳ ಊರ ಕಡೆಯವಳೇ ಆದ ಸೆವ್ದಾ ಫೋನು ನೋಡಿ ಎದೆ ಬಡಿದುಕೊಂಡಳು.

"ಅಯ್ಯೋ ಅಕ್ಕಾ, ಅದ್ಯಾವ ಬಾಯಲ್ಲಿ ಹೇಳ್ದೆ ನೀನು?"

"ಕೇಳ್ದ. ಹೇಳ್ದೆ."

"ಯಾರು ಕೇಳುದ್ರೂ ಹೇಳ್ಬುಡೋದಾ?"

"ಇಲ್ಲಿಗ್ ಬಂದ ದಿನ ವಿಮಾನ ನಿಲ್ದಾಣದ ಬಾಗ್ಲಲ್ಲೇ ಧಣಿ ಪಾಸ್‌ಪೋರ್ಟ್ ಕೇಳ್ದ, ಕೊಡ್ನಿಲ್ವಾ? ಕಾಯ್ಲೆ ಬಿದ್ದಾಗ ಡಾಕ್ಟ್ರು ಏನಂದ್ರು ಅಂತ ಮೇಸ್ತ್ರಿ ಕೇಳ್ದ. ಮುಟ್ಟು ನಿಂತದ್ದನ್ನೂ ಹೇಳಿದೀನಿ ಕಣೆ ಆ ನಾಯಿಗೆ. ಇವ್ನೊಬ್ಬ ಅಮ್ಮಾ ಅಂತಾದ್ರೂ ಅಂದ."

ರಾದ್ಕಾಗೆ ಅಳು ಬರಲಿಲ್ಲ. ಆಲೂಗಡ್ಡೆ ಬೇಯಿಸಿ, ಉಪ್ಪು ಹಾಕುವುದನ್ನು ಮರೆತು, ಹಾಗೆಯೇ ತಿಂದಳು.

ಮರುದಿನ ಬ್ಯಾಂಕಿನ ಹುಡುಗಿ, ಕಿವುಡರಿಗೆ ಹೇಳುವಂತೆ, ಒಂದೊಂದೇ ಮಾತನ್ನು ಕೂಗಿ ಹೇಳಿದಳು. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು.

"ನೀವೇ ಕೊಟ್ಟಿದ್ದಲ್ವಾ? ನಾವೇನು ಮಾಡೋಕಾಗುತ್ತೆ? ಪೊಲೀಸರಿಗೆ ಹೇಳಿ. ಇನ್ನು ಮೇಲೆ ಯಾರೇ ಕೇಳಲಿ, ಬ್ಯಾಂಕು ಅನ್ನಲಿ, ಪೊಲೀಸು ಅನ್ನಲಿ, ಗುಟ್ಟಿನ ನಂಬರು ಹೇಳ್ಬೇಡಿ. ಹೆದರಿಸಿ ಅವಸರ ಮಾಡಿದ್ರೆ ಕಳ್ಳರೇ ಅಂದ್ಕೊಳ್ಳಿ. ಫೋನಿಟ್ಟು, ನಿಮಗೆ ಗೊತ್ತಿರೋ ನಂಬರಿಗೆ ನೀವೇ ಮಾಡಿ ಕೇಳಿ. ಅರ್ಥ ಆಯ್ತಾ?"

"ಯಾರೇ ಕೇಳಿದ್ರೂನಾ?" ಎಂದಳು ರಾದ್ಕಾ.

"ಯಾರೇ ಕೇಳಿದ್ರೂ!"

ಪೊಲೀಸು ಠಾಣೆಯಲ್ಲಿ ಹೆಸರು ಬರೆದುಕೊಂಡು ಕಳಿಸಿದರು. ಅರ್ಧ ದಿನದ ಕೂಲಿ ಹೋಯಿತು.

ಸುದ್ದಿ ಶೆಡ್ಡಿಗೆಲ್ಲ ಹಬ್ಬಿತು. ವಾರ ಕಳೆಯುವ ಮೊದಲು, ಊಟದ ಕೋಣೆಯಲ್ಲಿ ಕಾಲ್ಮ್ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಮೇಜಿನ ಮೇಲೊಂದು ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡಿದ್ದ.

"ಕುರಿ ಕೂಡ ತಾನಾಗೇ ಕಟುಕನ ಮನೆ ಬಾಗ್ಲು ತಟ್ಟಲ್ಲ. ನಮ್ ಮುದುಕಿ ತಟ್ಟವ್ಳೆ!" ಎಂದು ನಕ್ಕ. ಒಬ್ಬಿಬ್ಬರು ನಕ್ಕರು. "ಬುದ್ಧಿ ಇಲ್ದಿರೋ ಮುಂಡೇವು ನೀವು. ಅದ್ಕೇ ಧಣಿ ಹೇಳವ್ರೆ. ಬ್ಯಾಂಕಿನ ಕಾರ್ಡು ಡಬ್ಬಿಗ್ ಹಾಕಿ, ಗುಟ್ಟಿನ ನಂಬರು ನನ್ ಕಿವೀಲಿ ಹೇಳಿ. ಆಫೀಸಿನ ಬೀರೂಲಿ ಭದ್ರವಾಗಿರ್ತದೆ. ದುಡ್ಡು ಬೇಕಾದಾಗ ಬಂದು ಕೇಳಿ. ನಿಮ್ ಒಳ್ಳೇದಕ್ಕೇ."

ಕಾರ್ಡುಗಳು ಡಬ್ಬಿಗೆ ಬೀಳತೊಡಗಿದವು. ಸೆವ್ದಾ ತನ್ನದನ್ನು ಹಾಕಿ, ಬಾಗಿ ಅವನ ಕಿವಿಯಲ್ಲಿ ಹೇಳಿ, ಗೋಡೆಗೆ ಹೋಗಿ ನಿಂತಳು. ರಾದ್ಕಾಳ ಸರದಿ ಬಂತು.

"ಹೂಂ, ಹಾಕು."

ಅವಳು ಕಾರ್ಡಿದ್ದ ಜೇಬನ್ನು ಎಡಗೈಯಲ್ಲಿ ಮುಚ್ಚಿಕೊಂಡಳು.

"ಕಿವಿ ಕೇಳಲ್ವಾ? ಬೇಗ ಹಾಕೇ! ಇಲ್ದಿದ್ರೆ ಇವತ್ತೇ ಗಂಟುಮೂಟೆ ಕಟ್ಟು."

"ನೀನ್ಯಾರು?" ಎಂದಳು ರಾದ್ಕಾ.

"ಏನಂದೆ?"

"ನೀನ್ಯಾರು ನನ್ ಗುಟ್ ಕೇಳೋಕೆ?" ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ಹೆದರ್ಸಿ ಅವಸರ ಮಾಡೋನು ಕಳ್ಳ ಅಂತೆ. ಬ್ಯಾಂಕ್ನೋರು ಹೇಳವ್ರೆ."

"ಯಾರ್‌ ಮುಂದೆ ನಿಂತಿದೀಯ ಗೊತ್ತೇನೇ, ಬೋಸುಡಿ?"

"ಗೊತ್ತು. ಅದ್ಕೇ ಕೊಡಲ್ಲ. ಧಣಿ ಹತ್ರ ನನ್ ಪಾಸ್‌ಪೋರ್ಟ್ ಐತೆ. ಅದೂ ಬೇಕು ನಂಗೆ."

ಕಾಲ್ಮ್ ಮೇಜು ಸುತ್ತಿಕೊಂಡು ಬಂದು ಅವಳ ಮೇಲಂಗಿಯ ಜೇಬಿಗೆ ಕೈ ಹಾಕಲು ಹೋದ. ಅರ್ಧಕ್ಕೇ ಕೈ ನಿಂತಿತು. ಕೆಲಸದಿಂದ ನೇರ ಬಂದಿದ್ದ ಅವಳ ಬಲ ಮುಷ್ಟಿಯಲ್ಲಿ ಅಣಬೆ ಕುಯ್ಯುವ ಗಿಡ್ಡ ಚಾಕು ಹಾಗೇ ಇತ್ತು. ಅವಳು ಅದನ್ನು ಎತ್ತಲಿಲ್ಲ. ಕೆಳಗೂ ಇಡಲಿಲ್ಲ.

"ಚಾಕು ಕೆಳಗಿಡು."

ರಾದ್ಕಾ ಅವನನ್ನೇ ನೋಡುತ್ತ ನಿಂತಳು.

ಸೆವ್ದಾ ಗೋಡೆ ಬಿಟ್ಟು ಮೇಜಿಗೆ ಬಂದಳು. ಡಬ್ಬಿಗೆ ಕೈ ಹಾಕಿ, ತಡಕಾಡಿ, ತನ್ನ ಕಾರ್ಡು ಹುಡುಕಿ ಅಂಗಿಯೊಳಗೆ ಸೇರಿಸಿಕೊಂಡಳು. ಸಾಲು ಮುಂದಕ್ಕೂ ಹೋಗಲಿಲ್ಲ, ಚದುರಲೂ ಇಲ್ಲ. ಬಿಡುವು ಮುಗಿದ ಗಂಟೆ ಹೊಡೆದು ನಿಂತಿತು. ಯಾರೂ ಕದಲಲಿಲ್ಲ.

ಅಂಗಳದಾಚೆ ಶೆಡ್ಡುಗಳ ದೀಪಗಳು ಉರಿಯುತ್ತಲೇ ಇದ್ದವು. ಒಳಗೆ ಅಟ್ಟಣೆಯ ಮೇಲೆ ಅಟ್ಟಣೆ, ಕುಯ್ಯುವ ಕೈಯಿಲ್ಲದೆ, ಬಿಳಿ ಮೊಗ್ಗಿನಂಥ ಅಣಬೆಗಳು ಬೆಳೆಯುತ್ತಿದ್ದವು. ಹೊತ್ತು ಮೀರಿದರೆ ಅವು ಕೊಡೆ ಬಿಚ್ಚಿಕೊಂಡು, ಅಡಿಯ ಕಪ್ಪು ತೋರಿಸುತ್ತವೆ. ಆಮೇಲೆ ಯಾರೂ ಕೊಳ್ಳುವುದಿಲ್ಲ.